ಒಂದು ಹಗಲಿನ ಪಾನೀಯ

ಭಟ್ಕಳದಿಂದ ಉತ್ತರಾಭಿಮುಖವಾಗಿ ಹೊರಟು, ಮುರ್ಡೇಶ್ವರ ಮಂಕಿಗಳನ್ನು ಹಾದು, ಶರಾವತಿಯ ವಿಶಾಲವಾದ ಅಳಿವೆಯನ್ನು ದಾಟಿ ಹೊನ್ನಾವರವನ್ನೂ, ಅಲ್ಲಿಂದ ಹಳದೀಪುರದ ಮಾರ್ಗವಾಗಿ ಕುಮಟೆಯನ್ನೂ ಸೇರುವ ಪಥಿಕನಿಗೆ ಎಡಕ್ಕೆ ಕಡಲು, ಬಲಕ್ಕೆ ಸಹ್ಯಾದ್ರಿ, ನಡುವೆ ಊರಿಂದೂರಿಗೆ ಜೊತೆಗೊಡುವ ತೆಂಗಿನ ತೋಟಗಳು. ಭಟ್ಕಳ, ಹೊನ್ನಾವರ, ಕುಮಟೆ ಎಂಬ ಈ ಮೂರು ಊರುಗಳ ಪೂರ್ವವೃತ್ತವನ್ನು ಬರೆದವರು ಬಹುಮಟ್ಟಿಗೆ ಹಡಗನ್ನೇರಿ ಹೋದ ಪದಾರ್ಥಗಳ ವೃತ್ತಾಂತವನ್ನೇ ಬರೆದಿದ್ದಾರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸನಾದ ಬಾರ್ಬೋಸನು ಭಟ್ಕಳದಲ್ಲಿ ಕಂಡದ್ದು ಅಕ್ಕಿ, ಸಕ್ಕರೆ, ಕಬ್ಬಿಣ ಮತ್ತು ಹೊರ್ಮುಜಿನಿಂದ ಬಂದಿಳಿಯುತ್ತಿದ್ದ ಕುದುರೆಗಳು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದು ಶರಾವತಿಯ ದಾರಿಯಾಗಿ ಹೊನ್ನಾವರಕ್ಕೆ ಇಳಿಯುತ್ತಿದ್ದ ಕಾಳುಮೆಣಸಿನಿಂದ. ಕುಮಟೆಯ ಹೆಸರು ವಿಲಾಯತಿಯ ಗಿರಣಿಗಳವರೆಗೆ ಹಬ್ಬಿದ್ದು 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಅಲ್ಲಿ ಹಡಗು ಹತ್ತುತ್ತಿದ್ದುದರಿಂದ. ಆದರೆ ಈ ನೆಲದಲ್ಲಿಯೇ ಹುಟ್ಟಿ, ಮೆಣಸಿಗಿಂತಲೂ ಹತ್ತಿಗಿಂತಲೂ ಹೆಚ್ಚು ಮನೆಗಳ ನಿತ್ಯಜೀವನದೊಳಗೆ ಹೊಕ್ಕು, ಎಂದೂ ಯಾವ ಹಡಗನ್ನೂ ಏರದ ಪದಾರ್ಥವೊಂದಿತ್ತು. ಅದು ಕಳ್ಳು. ಬೆಳಗ್ಗೆ ಮರದಿಂದ ಇಳಿದದ್ದು ಸಂಜೆಗೆ ಬೇರೆಯಾಗಿ, ಮರುದಿನಕ್ಕೆ ಕೆಟ್ಟುಹೋಗುವ ಈ ಪಾನೀಯಕ್ಕೆ ಒಂದು ಹಗಲಿನ ನಡಿಗೆಗಿಂತ ದೂರದ ಮಾರುಕಟ್ಟೆಯೇ ಇರಲಿಲ್ಲ. ದೂರ ಹೋಗದ ವಸ್ತುವಿನ ಲೆಕ್ಕವನ್ನು ದೂರದವರು ಬರೆದಿಡುವುದಿಲ್ಲ. ಆದುದರಿಂದ ಕಳ್ಳಿನ ಗುಣದೋಷಗಳನ್ನು ಗುರುತಿಸುವ ವಿವೇಕವೆಲ್ಲವೂ ಅದನ್ನು ಇಳಿಸಿದವರ ಮತ್ತು ಕುಡಿದವರ ನಾಲಗೆಯಲ್ಲಿಯೇ ಉಳಿದು, ನಾಲಗೆಯೊಡನೆಯೇ ಅಳಿಯುತ್ತ ಬಂದಿತು.

ಇದಕ್ಕೆ ನೇರ ವಿರುದ್ಧವಾದ ಕಥೆಯೊಂದು ಅದೇ ಸಮುದ್ರದ ಮೇಲೆಯೇ ನಡೆದಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ನಿನ ಬೋ ಎಂಬಲ್ಲಿ ಭಟ್ಟಿಯಿಟ್ಟಿದ್ದ ಹಾಡ್ಜ್‌ಸನ್ನನು, ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಅಧಿಕಾರಿಗಳಿಗೆ ದೀರ್ಘಾವಧಿಯ ಸಾಲದ ಮೇಲೆ ತನ್ನ ಬಿಯರನ್ನು ಕೊಟ್ಟು ಹಿಂದೂಸ್ಥಾನಕ್ಕೆ ಕಳುಹಿಸುತ್ತಿದ್ದನು. 1820ರ ದಶಕದಲ್ಲಿ ಬರ್ಟನ್ ಎಂಬ ಊರಿನ ಆಲ್ಸಪ್ ಮುಂತಾದವರು ಆ ವ್ಯಾಪಾರದಲ್ಲಿ ಅವನನ್ನು ಹಿಂದಿಕ್ಕಿದರು. ಆಫ್ರಿಕದ ದಕ್ಷಿಣಾಗ್ರವನ್ನು ಬಳಸಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ಹಲವು ತಿಂಗಳು ಪೀಪಾಯಿಯೊಳಗೆ ಕುಲುಕುತ್ತ ಬರುವ ಪಾನೀಯವು ಕೆಡದಿರಬೇಕಾದರೆ ಅದರಲ್ಲಿ ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲನ್ನು ಅಧಿಕವಾಗಿ ಹಾಕಬೇಕೆಂಬ ಅರಿವು ಹಾಡ್ಜ್‌ಸನ್ನನಿಗಿಂತ ಮುಂಚಿನಿಂದಲೂ ಭಟ್ಟಿಯವರಲ್ಲಿ ಇತ್ತು. ಆ ಹೂವಿನ ಅಂಟಿನಲ್ಲಿರುವ ಆಮ್ಲಗಳು ಕುದಿಯುವ ರಸದಲ್ಲಿ ರೂಪಾಂತರ ಹೊಂದಿ ಕಹಿಯನ್ನು ಕೊಡುತ್ತವೆ, ಹುಳಿಯಿಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ. ಹೀಗೆ ದೂರಪ್ರಯಾಣದ ಅವಶ್ಯಕತೆಯಿಂದ ಬಂದ ಕಹಿಯೇ ಕಾಲಾಂತರದಲ್ಲಿ ಅಭಿರುಚಿಯಾಗಿ ನೆಲೆಗೊಂಡು, ಇಂಡಿಯಾ ಪೇಲ್ ಏಲ್ ಎಂಬ ಹೆಸರನ್ನು ಹೊತ್ತಿತು. ಇಂದು ಆ ಬಿಯರಿನ ಕಹಿಯನ್ನು ಒಂದು ಲೀಟರಿನಲ್ಲಿ ಇಷ್ಟು ಮಿಲಿಗ್ರಾಂ ಎಂದು ಅಳೆದು ಅಂಕಿಯಲ್ಲಿ ಹೇಳುತ್ತಾರೆ. ನಲವತ್ತರಿಂದ ಎಪ್ಪತ್ತರವರೆಗಿನ ಅಂಕಿಯೂ, ನೂರಕ್ಕೆ ಆರೇಳರಷ್ಟು ಮದ್ಯಸಾರವೂ ಆ ಜಾತಿಗೆ ಸಹಜವೆನ್ನುತ್ತಾರೆ. 2010ರಿಂದೀಚೆಗೆ ಬೆಂಗಳೂರಿನಲ್ಲಿ ಸ್ಥಳದಲ್ಲಿಯೇ ಬಿಯರನ್ನು ತಯಾರಿಸುವ ಪಾನಗೃಹಗಳು ತಲೆಯೆತ್ತಿದ ಮೇಲೆ, ಕನ್ನಡದ ತರುಣರೂ ಗಾಜಿನ ಬಟ್ಟಲನ್ನು ಬೆಳಕಿಗೆ ಹಿಡಿದು ವರ್ಣವನ್ನು ನೋಡುವುದನ್ನೂ, ನೊರೆ ಎಷ್ಟು ಹೊತ್ತು ನಿಲ್ಲುವುದೆಂಬುದನ್ನು ಗಮನಿಸುವುದನ್ನೂ, ಕಿತ್ತಳೆಯ ಸಿಪ್ಪೆ, ದೇವದಾರು, ಮಾವು ಎಂದು ಪರಿಮಳಗಳನ್ನು ವಿಂಗಡಿಸುವುದನ್ನೂ, ನುಂಗಿದ ಮೇಲೆ ಗಂಟಲಿನಲ್ಲಿ ಉಳಿಯುವ ಕಹಿಯನ್ನು ತೂಗುವುದನ್ನೂ ಕಲಿತಿದ್ದಾರೆ. ಅದು ಆದರಣೀಯವಾದ ವಿದ್ಯೆಯೇ. ನಾನು ಹೇಳಬೇಕೆಂದಿರುವುದು, ಪಾನೀಯವೊಂದನ್ನು ನಿಧಾನಿಸಿ ಪರೀಕ್ಷಿಸುವ ಇಂತಹುದೇ ಒಂದು ವಿದ್ಯೆ ನಮ್ಮ ಕರಾವಳಿಯಲ್ಲಿ ಶತಮಾನಗಳಿಂದ ಇದ್ದು, ಅದನ್ನು ವಿದ್ಯೆಯೆಂದು ಗಣಿಸಿದವರು ಯಾರೂ ಇರಲಿಲ್ಲವೆಂಬುದನ್ನು.

ಆ ವಿದ್ಯೆಯ ಮೊದಲ ಪಾಠವು ಮರದ ಮೇಲೆಯೇ ಆರಂಭವಾಗುತ್ತದೆ. ಚೆನ್ನಾಗಿ ಬೆಳೆದ ತೆಂಗಿನಮರವು ಸರಾಸರಿ ತಿಂಗಳಿಗೊಂದರಂತೆ ಹೊಂಬಾಳೆಯನ್ನು ಹೊರಡಿಸುತ್ತದೆ. ಕಾಯಿಗಾಗಿ ಬಿಡುವುದಾದರೆ ಅದು ಒಡೆದು ಹೂವಾಗಿ ಕಾಯಿ ಕಟ್ಟುತ್ತದೆ. ಕಳ್ಳಿಗೆಂದು ಆರಿಸಿದ ಹೊಂಬಾಳೆಯನ್ನು ಮಾತ್ರ ಒಡೆಯಗೊಡದೆ, ಬಾಗಿಸಿ, ನಾರಿನಿಂದ ಬಿಗಿಯಾಗಿ ಸುತ್ತಿ, ದಿನದಿನವೂ ಮರದ ಕೊಡತಿಯಿಂದಲೋ ಎಲುಬಿನಿಂದಲೋ ಮೃದುವಾಗಿ ತಟ್ಟುತ್ತ ಬರಬೇಕು. ತಟ್ಟುವುದರಲ್ಲಿಯೇ ಕೈಗುಣವಿರುವುದು: ಪೆಟ್ಟು ಬಲವಾದರೆ ಒಳಗಿನ ಹೂ ಜಜ್ಜಿ ಕೊಳೆಯುತ್ತದೆ, ಮಂದವಾದರೆ ರಸ ಒಸರುವುದಿಲ್ಲ. ಕೆಲವು ದಿನಗಳು ಕಳೆದ ಮೇಲೆ ತುದಿಯನ್ನು ಹರಿತವಾದ ಕತ್ತಿಯಿಂದ ತೆಳ್ಳಗೆ ಕೊಯ್ದರೆ ರಸ ತೊಟ್ಟಿಕ್ಕತೊಡಗುತ್ತದೆ. ಬಳಿಕ ಬೆಳಗು ಬೈಗು ಮರವೇರಿ, ತುಂಬಿದ ಮಡಕೆಯನ್ನು ಬರಿದು ಮಾಡಿ, ಕೊಯ್ದ ಬಾಯಿಯನ್ನು ಎಲೆಯ ದಪ್ಪದಷ್ಟು ಮತ್ತೆ ಹೆರೆದು, ಮಡಕೆಯನ್ನು ಪುನಃ ಕಟ್ಟಿ ಇಳಿಯಬೇಕು. ಒಂದು ಹೊಂಬಾಳೆಯಿಂದ ತಿಂಗಳಿಗೂ ಮಿಕ್ಕಿ ರಸವು ದೊರೆಯುವುದುಂಟು. ಈ ಕ್ರಮವು ಎಷ್ಟು ಪುರಾತನವೆಂಬುದಕ್ಕೆ ಒಬ್ಬ ಪ್ರವಾಸಿಯ ಸಾಕ್ಷ್ಯ ಸಾಕು. ಹದಿನಾಲ್ಕನೆಯ ಶತಮಾನದ ನಡುಗಾಲದಲ್ಲಿ ಹೊನ್ನಾವರದಲ್ಲಿ ತಂಗಿದ್ದು, ಅಲ್ಲಿ ಹೆಣ್ಣುಮಕ್ಕಳಿಗಾಗಿ ಹದಿಮೂರು ಪಾಠಶಾಲೆಗಳಿದ್ದುದನ್ನು ಬರೆದಿಟ್ಟ ಇಬ್ನ್ ಬತೂತನು, ತನ್ನ ಗ್ರಂಥದ ಬೇರೊಂದೆಡೆಯಲ್ಲಿ ತೆಂಗಿನ ಪ್ರಸ್ತಾಪ ಬಂದಾಗ, ಎರಡು ಬೆರಳಿನಷ್ಟು ತೊಟ್ಟನ್ನು ಉಳಿಸಿ ಕೊಯ್ಯುವುದನ್ನೂ, ಅದಕ್ಕೆ ಚಿಕ್ಕ ಪಾತ್ರೆಯನ್ನು ಕಟ್ಟುವುದನ್ನೂ, ಮರವೇರುವವನು ಒಂದು ಕರಟದಲ್ಲಿ ನೀರನ್ನು ಒಯ್ದು ಕೊಯ್ದ ಬಾಯಿಯನ್ನು ತೊಳೆಯುವುದನ್ನೂ, ಬೆಳಗ್ಗೆ ಸಂಜೆ ತಪ್ಪದೆ ಏರುವುದನ್ನೂ ಕಣ್ಣಾರೆ ಕಂಡವನ ಖಚಿತತೆಯಿಂದ ವರ್ಣಿಸುತ್ತಾನೆ. ಆರುನೂರು ವರ್ಷಗಳ ಬಳಿಕ ಅದೇ ಕರಾವಳಿಯಲ್ಲಿ ಆ ಕೆಲಸವನ್ನು ಮಾಡುತ್ತಿದ್ದವನಿಗೆ ಆ ವರ್ಣನೆಯನ್ನು ಓದಿ ಹೇಳಿದ್ದರೆ ಅವನು ತಿದ್ದಬೇಕಾದ ಅಂಶಗಳು ಬಹಳ ಇರುತ್ತಿರಲಿಲ್ಲ.

ಮರದಿಂದ ಒಸರುವ ಕ್ಷಣದಲ್ಲಿ ಆ ರಸವು ಕಳ್ಳಲ್ಲ, ನೂರಕ್ಕೆ ಹನ್ನೆರಡು ಹದಿನೈದರಷ್ಟು ಸಕ್ಕರೆಯುಳ್ಳ ಶುದ್ಧ ಮಧುರದ್ರವ. ಗಾಳಿಯಲ್ಲಿಯೂ ಹಳೆಯ ಮಡಕೆಯ ಒಳಮೈಯಲ್ಲಿಯೂ ವಾಸಿಸುವ ಯೀಸ್ಟು ಮತ್ತು ಇತರ ಜೀವಾಣುಗಳು ಮೊದಲ ತೊಟ್ಟು ಬಿದ್ದೊಡನೆಯೇ ಕೆಲಸಕ್ಕೆ ತೊಡಗುತ್ತವೆ. ಕೆಲವೇ ಗಂಟೆಗಳಲ್ಲಿ ರಸವು ಹಾಲಿನಂತೆ ಬೆಳ್ಳಗಾಗಿ ನೊರೆಯೇಳುತ್ತದೆ, ಒಂದು ಹಗಲು ಕಳೆಯುವಷ್ಟರಲ್ಲಿ ನೂರಕ್ಕೆ ಐದರ ಆಸುಪಾಸಿನ ಮದ್ಯಸಾರವನ್ನು ಪಡೆಯುತ್ತದೆ, ಆಮೇಲೆ ವಿನೇಗರಿನ ಹಾದಿ ಹಿಡಿಯುತ್ತದೆ. ಮಡಕೆಗೆ ಸುಣ್ಣ ಬಳಿದರೆ ಈ ವ್ಯಾಪಾರವೆಲ್ಲ ತಡೆಹಿಡಿದಂತಾಗಿ ರಸವು ಸಿಹಿಯಾಗಿಯೇ ಉಳಿಯುತ್ತದೆ, ಅದೇ ನೀರಾ. ಬರ್ಟನ್ನಿನ ಭಟ್ಟಿಯವನಿಗೆ ಹಾಪ್ಸ್ ಮಾಡಿಕೊಟ್ಟ ಉಪಕಾರವನ್ನು ನಮ್ಮ ಮರವೇರುವವನಿಗೆ ಸುಣ್ಣವು ಮಾಡಿಕೊಟ್ಟಿತು. ಆದರೆ ಹಾಪ್ಸ್ ಪಾನೀಯದ ಮದವನ್ನು ಉಳಿಸಿ ಆಯುಸ್ಸನ್ನು ತಿಂಗಳುಗಟ್ಟಲೆ ಹೆಚ್ಚಿಸಿತು. ಸುಣ್ಣವು ಮದವನ್ನೇ ಹುಟ್ಟಗೊಡದೆ, ಬೆಲ್ಲ ಕಾಯಿಸುವುದಕ್ಕೆ ಬೇಕಾದಷ್ಟು ಹೊತ್ತಿನ ಅವಧಿಯನ್ನು ಮಾತ್ರ ಕೊಟ್ಟಿತು. ಇಷ್ಟು ವ್ಯತ್ಯಾಸದಿಂದಲೇ ಒಂದು ಪಾನೀಯವು ಸಮುದ್ರಗಳನ್ನು ದಾಟಿತು, ಇನ್ನೊಂದು ತನ್ನ ಮರದ ನೆರಳಿನ ಸುತ್ತಲೇ ಉಳಿಯಿತು.

ಈಗ ಪರೀಕ್ಷೆಯ ವಿಷಯ. ಕಳ್ಳನ್ನು ಬಲ್ಲವನು ಮೊದಲು ಕೇಳುವುದು ಎಷ್ಟು ಹೊತ್ತಿನದು ಎಂಬುದನ್ನು. ರಾತ್ರಿಯ ತಂಪಿನಲ್ಲಿ ನಿಧಾನವಾಗಿ ತುಂಬಿ ಮುಂಜಾವಿನಲ್ಲಿ ಇಳಿದದ್ದು ಎಳೆಗಳ್ಳು: ಸಿಹಿ ಮುಂದಾಗಿ, ಹುಳಿ ಅಡಗಿ, ನಾಲಗೆಯ ತುದಿಯನ್ನು ಚುಚ್ಚಿಯೂ ಚುಚ್ಚದಂತಿರುವ ಸಣ್ಣ ಗುಳ್ಳೆಗಳಿಂದ ಕೂಡಿದ್ದು. ಹಗಲ ಬಿಸಿಲಿನಲ್ಲಿ ತುಂಬಿ ಸಂಜೆ ಇಳಿದದ್ದು ಆಗಲೇ ಕಟುವಾಗಿ, ಮೂಗಿಗೆ ಘಾಟು ಹೊಡೆಯುವಂತಿರುತ್ತದೆ. ಬಳಿಕ ನೊರೆ: ತಾನಾಗಿ ಎದ್ದ ನೊರೆಯು ನುಣುಪಾಗಿ ಕ್ರಮೇಣ ಇಳಿಯುತ್ತದೆ, ಎತ್ತರದಿಂದ ಸುರಿದು ಎಬ್ಬಿಸಿದ ನೊರೆಯು ಒರಟಾಗಿ ಒಮ್ಮೆಲೇ ಒಡೆಯುತ್ತದೆ. ಬಳಿಕ ಬಣ್ಣ: ನೀರು ಬೆರೆತದ್ದು ನೀಲಿಗಟ್ಟಿದಂತೆ ತೆಳುವಾಗಿ ಕಾಣುತ್ತದೆ, ಮಳೆಗಾಲದಲ್ಲಿ ಮಾತ್ರ ನೀರು ಬೆರೆಸದಿದ್ದರೂ ರಸವೇ ತೆಳುವಾಗಿರುವುದರಿಂದ ಆ ಋತುವಿನಲ್ಲಿ ಬಣ್ಣವನ್ನು ನಂಬಲಾಗದು. ತಳದಲ್ಲಿ ನಿಂತ ಗಸಿ, ಮಡಕೆಯನ್ನು ತೊಳೆದದ್ದೋ ಇಲ್ಲವೋ ಎಂಬುದನ್ನು ಹೇಳುವ ವಾಸನೆ, ನುಂಗಿದ ಮೇಲೆ ಉಳಿಯುವ ಒಗರು, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸಿಹಿಯನ್ನು ಕಾಲದೊಡನೆ ತಾಳೆನೋಡುವ ಪರೀಕ್ಷೆ. ಪ್ರಾಮಾಣಿಕವಾದ ಕಳ್ಳಿನಲ್ಲಿ ಹೊತ್ತು ಏರಿದಂತೆ ಸಿಹಿ ಇಳಿಯಲೇಬೇಕು, ಏಕೆಂದರೆ ಮದ್ಯಸಾರವಾಗುವುದು ಆ ಸಕ್ಕರೆಯೇ. ಇಳಿಹೊತ್ತಿನಲ್ಲಿಯೂ ಸಿಹಿಯಾಗಿದ್ದು ಮೇಲಾಗಿ ಮತ್ತೇರಿಸುವ ಕಳ್ಳು ಯಾವುದೋ ಕೈವಾಡಕ್ಕೆ ಒಳಗಾದದ್ದೆಂದು ಕುಡಿಯುವವನು ತಿಳಿಯುತ್ತಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಹಿಂದೂಸ್ಥಾನದ ಅನೇಕ ಕಡೆಗಳಲ್ಲಿ ಸ್ಯಾಕರಿನ್ನನ್ನೂ ಕ್ಲೋರಲ್ ಹೈಡ್ರೇಟನ್ನೂ ಬೆರೆಸಿ ಬಡವರ ಪ್ರಾಣಕ್ಕೆ ಸಂಚಕಾರ ತಂದ ಮಾರಾಟಗಾರರು ಹುಟ್ಟಿಕೊಂಡಾಗ, ಈ ಪರೀಕ್ಷೆಯನ್ನು ಮರೆತ ಗಿರಾಕಿಗೆ ಬೇರೆ ರಕ್ಷಣೆಯೇ ಇರಲಿಲ್ಲ.

ಘಟ್ಟದ ಸೆರಗಿನ ಊರುಗಳಲ್ಲಿ ತೆಂಗಿಗೆ ಪ್ರತಿಯಾಗಿ ಬೈನೆಯ ಕಳ್ಳು ಪ್ರಸಿದ್ಧ. ಗೇರುಸೊಪ್ಪೆಯ ಮೇಲಣ ಕಾಡುಗಳಲ್ಲಿ, ಭಟ್ಕಳದ ಪೂರ್ವದ ಕಣಿವೆಗಳಲ್ಲಿ, ಕುದುರೆಯ ಬಾಲದಂತೆ ಇಳಿಬಿದ್ದ ಹೂಗೊಂಚಲುಗಳಿಂದ ದೂರಕ್ಕೇ ಗುರುತು ಸಿಕ್ಕುವ ಈ ಮರವು ತನ್ನ ಆಯುಸ್ಸಿನ ಕಡೆಯ ಕಾಲದಲ್ಲಿ ಮಾತ್ರ ಹೂಬಿಡುತ್ತದೆ. ಮೊದಲ ಗೊಂಚಲು ನೆತ್ತಿಯಲ್ಲಿ, ಅನಂತರದವು ಒಂದೊಂದಾಗಿ ಕೆಳಗೆ ಕೆಳಗೆ. ಕೊನೆಯ ಗೊಂಚಲು ಮುಗಿದಾಗ ಮರವೂ ಮುಗಿಯುತ್ತದೆ. ತೆಂಗು ನಿತ್ಯದ ಆದಾಯವಾದರೆ ಬೈನೆಯು ಜೀವನಕಾಲದ ಸಂಚಯವನ್ನೆಲ್ಲ ಕೆಲವೇ ವರ್ಷಗಳಲ್ಲಿ ಧಾರೆಯೆರೆಯುವ ಮರ, ಅದರ ರಸವೂ ತೆಂಗಿನದಕ್ಕಿಂತ ಯಥೇಷ್ಟ. ಬೈನೆಯ ಕಳ್ಳನ್ನು ಬಲ್ಲವರು ಅದರ ಗಾಢತೆಯನ್ನೂ ಕಾಡಿನ ಗಂಧವನ್ನೂ ಹೊಗಳುತ್ತಾರೆ. ಕರಾವಳಿಯವರಿಗೆ ತೆಂಗಿನ ಕಳ್ಳಿನ ಸೌಮ್ಯತೆಯೇ ಪ್ರಿಯ. ಈ ಪಕ್ಷಪಾತವು ಊರಿಂದ ಊರಿಗೆ, ಮನೆಯಿಂದ ಮನೆಗೆ ಭಿನ್ನವಾಗುತ್ತಿತ್ತು. ಇಂಥ ತೋಟದ ಇಂಥ ಮರದ್ದೇ ಬೇಕೆಂದು ಕೇಳಿ ತರಿಸುವವರಿದ್ದರು. ಒಂದೊಂದು ಮರಕ್ಕೆ ಒಂದೊಂದು ರುಚಿಯೆಂಬ ಈ ನಂಬಿಕೆಯನ್ನು ನಾನು ಈ ವಿದ್ಯೆಯ ಸಾರವೆಂದು ಭಾವಿಸುತ್ತೇನೆ.

ಹಾಗೆಂದು ನಮ್ಮ ವಾಙ್ಮಯವು ಪಾನದ ವಿಷಯದಲ್ಲಿ ಮೌನವಾಗಿರಲಿಲ್ಲ. ಮನುಸ್ಮೃತಿಯು ನಿಷೇಧಿಸುವ ಸಂದರ್ಭದಲ್ಲಿಯೇ ಆದರೂ ಬೆಲ್ಲದ್ದು, ಹಿಟ್ಟಿನದು, ಹೂವಿನ ಮಧುವಿನದು ಎಂದು ಸುರೆಯನ್ನು ಮೂರಾಗಿ ವಿಂಗಡಿಸುತ್ತದೆ. ಬನವಾಸಿಯ ನೆಲವನ್ನು ಪ್ರಾಣದಂತೆ ಪ್ರೀತಿಸಿದ ಪಂಪನು 941ರ ಸುಮಾರಿನ ತನ್ನ ವಿಕ್ರಮಾರ್ಜುನವಿಜಯದಲ್ಲಿ ಪಾನಗೋಷ್ಠಿಯೊಂದನ್ನು ವಿಸ್ತಾರವಾಗಿ ಚಿತ್ರಿಸಿದ್ದಾನೆ; ಜೈನನಾದ ಕವಿಯು ಮದ್ಯಪಾನಿಗಳ ಲೋಕವನ್ನು ಅಷ್ಟು ನಿಕಟವಾಗಿ ಗಮನಿಸಿದುದು ಆ ಕಾಲದ ನಾಗರಿಕತೆಯಲ್ಲಿ ಅದಕ್ಕೆ ಇದ್ದ ಸ್ಥಾನವನ್ನು ತೋರಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಹೆಂಡದ ಮಾರಯ್ಯನೆಂಬ ಶರಣನು ತನ್ನ ಕಾಯಕದ ಪರಿಭಾಷೆಯಲ್ಲಿಯೇ ವಚನಗಳನ್ನು ರಚಿಸಿದನು. ಕೊಂಕಣ ಕರಾವಳಿಗೆ ಸಂಬಂಧಿಸಿದಂತೆ ಬೆಲೆಯುಳ್ಳ ಸಾಕ್ಷ್ಯವು ಗೋವೆಯಲ್ಲಿ ನೆಲೆಸಿದ್ದ ವೈದ್ಯ ಗಾರ್ಸಿಯಾ ದ ಓರ್ತನದು. 1563ರಲ್ಲಿ ಗೋವೆಯಲ್ಲಿಯೇ ಅಚ್ಚಾದ ಅವನ ಗ್ರಂಥದಲ್ಲಿ, ಮರದಿಂದ ಇಳಿಸಿದ ರಸ, ಅದನ್ನು ಬಟ್ಟಿಯಿಳಿಸಿದ ಸಾರಾಯಿ, ಬಿಸಿಲಿಗಿಟ್ಟು ಮಾಡಿದ ವಿನೇಗರು, ಕಾಯಿಸಿದ ಬೆಲ್ಲ ಇವೆಲ್ಲವೂ ಬರುತ್ತವೆ. ಬಟ್ಟಿಯಲ್ಲಿ ಮೊದಲು ಇಳಿಯುವ ಉತ್ಕೃಷ್ಟವಾದ ಭಾಗವನ್ನು ಜನರು ಹೂವೆಂದು ಕರೆದು, ಉಳಿದುದರಿಂದ ಬೇರ್ಪಡಿಸುತ್ತಿದ್ದರೆಂಬುದನ್ನೂ ಅವನು ಹೇಳುತ್ತಾನೆ. ಗೋವೆಯಿಂದ ಒಂದೆರಡು ದಿನದ ಕಡಲ ದಾರಿಯ ಹೊನ್ನಾವರಕ್ಕೆ ಈ ತಾರತಮ್ಯ ಅಪರಿಚಿತವಾಗಿದ್ದಿತೆಂದು ನಂಬುವುದು ಕಷ್ಟ.

ಈ ತಾರತಮ್ಯವನ್ನು ಬದುಕಾಗಿ ಮಾಡಿಕೊಂಡವರು ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಮುಖ್ಯವಾಗಿ ಹಳೆಪೈಕರು, ಇಂದು ನಾಮಧಾರಿಗಳೆಂದು ತಮ್ಮನ್ನು ಕರೆದುಕೊಳ್ಳುವವರು. ಉತ್ತರಕ್ಕೆ ಅಂಕೋಲೆ ಕಾರವಾರಗಳ ಕಡೆ ಕೊಂಕಣಿ ನುಡಿಯುವ ಭಂಡಾರಿಗಳೂ, ಘಟ್ಟದ ಮೇಲೆ ದೀವರೂ ಈ ವೃತ್ತಿಯನ್ನು ನಡೆಸಿದವರು. ಪಾಳೆಯಗಾರರ ಕಾಲದಲ್ಲಿ ಪೂರ್ವಿಕರು ಕಾಲಾಳುಗಳಾಗಿ ಕಾದಿದರೆಂಬ ಸ್ಮರಣೆ ಅವರಲ್ಲಿ ಉಳಿದುಬಂದಿದೆ. ನೆಲವಿಲ್ಲದ ಗೇಣಿದಾರನಾಗಿ ಇತರರ ತೋಟದ ಮರಗಳನ್ನು ಏರಿ ಬದುಕಬೇಕಾಗಿ ಬಂದ ಕಾಲದಲ್ಲಿಯೂ ಆ ಸ್ಮರಣೆಯ ಘನತೆಯನ್ನು ಅವರು ಬಿಟ್ಟುಕೊಡಲಿಲ್ಲ. ಊರಿನ ಜಟ್ಟಿಗ, ಮಾಸ್ತಿ, ಚೌಡಿಗಳ ಬನದಲ್ಲಿ ಕಳ್ಳು ಎಡೆಯಾಗಿ ಸಲ್ಲುತ್ತಿತ್ತು. ಅದೇ ಕಳ್ಳನ್ನು ಇಳಿಸಿದವನನ್ನು ಊರಿನ ದೊಡ್ಡ ದೇವಾಲಯವು ಅಂಗಳದಾಚೆಗೆ ನಿಲ್ಲಿಸಿತ್ತು. ದಿನಕ್ಕೆರಡು ಸಲ ಹತ್ತಾರು ಮರಗಳನ್ನು ಏರಿಳಿಯುವ, ಆಷಾಢದ ಗಾಳಿಯಲ್ಲಿ ತೂಗುವ ನೆತ್ತಿಯ ಮೇಲೆ ಕುಳಿತು ಕತ್ತಿಯನ್ನು ಕೂದಲೆಳೆಯಷ್ಟು ಸರಿಸುವ ಮನುಷ್ಯನ ಶ್ರಮಕ್ಕೂ ನೈಪುಣ್ಯಕ್ಕೂ ಆ ಸಮಾಜವು ಕೊಟ್ಟ ಪ್ರತಿಫಲವು ಅನ್ಯಾಯವಾದದ್ದೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಪ್ರಭುತ್ವಕ್ಕೆ ಕಳ್ಳು ಪರಿಚಯವಾದದ್ದು ಎರಡೇ ರೂಪಗಳಲ್ಲಿ, ಪಾಪವಾಗಿ ಇಲ್ಲವೆ ಆದಾಯವಾಗಿ. ಕರಾವಳಿಯನ್ನೂ ಆಳುತ್ತಿದ್ದ ಟೀಪೂಸುಲ್ತಾನನು ತನ್ನ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಲು ಮುಂದಾದನು. ಬೊಕ್ಕಸಕ್ಕೆ ಆಗುವ ನಷ್ಟವನ್ನು ಅರಿತೂ ಹಾಗೆ ಮಾಡಿದನೆಂಬುದು ಗಮನಾರ್ಹ. 1799ರಲ್ಲಿ ಅವನು ಮಡಿದ ಮೇಲೆ ಕೆನರಾ ಜಿಲ್ಲೆಯು ಕಂಪನಿಯ ಕೈಸೇರಿ, ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ಮದರಾಸು ಸರ್ಕಾರದ ಕ್ರಮದಂತೆ ಕಳ್ಳು ಸಾರಾಯಿಗಳ ಹಕ್ಕನ್ನು ಹೆಚ್ಚು ಹಣ ಕೂಗಿದವನಿಗೆ ಗುತ್ತಿಗೆ ಕೊಡುವ ಪದ್ಧತಿ ಬೇರೂರಿತು. 1862ರಲ್ಲಿ ಉತ್ತರ ಕೆನರಾ ಜಿಲ್ಲೆಯು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗವಾಯಿತು, 1878ರಲ್ಲಿ ಮುಂಬಯಿಯ ಅಬಕಾರಿ ಕಾಯದೆ ಬಂದಿತು. ಅದೇ ವರ್ಷದ ಕೊನೆಯಲ್ಲಿ ಬ್ರಿಟಿಷರು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದವು ಉಪ್ಪಿನೊಡನೆ ಅಬಕಾರಿಯನ್ನೂ ಒಳಗೊಂಡು, ಗಡಿಯಾಚೆಗಿನ ಗೋವೆಯ ತೆಂಗಿನ ಮರಗಳ ಮೇಲೂ ಅಂಥದೇ ತೆರಿಗೆಯ ನೆರಳನ್ನು ಬೀಳಿಸಿತು.

ಈ ಕಾಯದೆಯ ಪರಿಣಾಮವನ್ನು ರುಚಿಯ ದೃಷ್ಟಿಯಿಂದ ವಿಚಾರಮಾಡಿದವರು ವಿರಳ. ಇನ್ನು ಮೇಲೆ ಮರವೇರಬೇಕಾದರೆ ಪರವಾನಗಿ ಬೇಕು, ಇಳಿಸುವ ಮರವೊಂದೊಂದಕ್ಕೂ ತೆರಿಗೆ ಕೊಡಬೇಕು, ಮರದ ಮೈಮೇಲೆ ಸಂಖ್ಯೆ ಬೀಳಬೇಕು. ತೆರಿಗೆಯು ಮರವನ್ನು ನೋಡಿ ಬೀಳುವುದೇ ಹೊರತು ರಸವನ್ನು ನೋಡಿ ಅಲ್ಲವಾದುದರಿಂದ, ತೆರಿಗೆ ಕೊಟ್ಟವನಿಗೆ ಪ್ರತಿಯೊಂದು ಮರದಿಂದಲೂ ಗರಿಷ್ಠವಾದ ರಸವನ್ನು ಹಿಂಡುವ ಒತ್ತಡ ಹುಟ್ಟಿತು. ಹೊಂಬಾಳೆಗೆ ವಿಶ್ರಾಂತಿ ಕೊಡುವುದು, ಮಡಕೆಯನ್ನು ಹೊಗೆಯಾಡಿಸಿ ಒಣಗಿಸುವುದು, ಸೊರಗಿದ ಮರವನ್ನು ಒಂದು ವರ್ಷ ಕಾಯಿಗೆ ಬಿಡುವುದು, ಇಂಥ ವಿವೇಕಗಳೆಲ್ಲವೂ ದುಬಾರಿಯಾದವು. ಅಂಗಡಿಯ ಗುತ್ತಿಗೆದಾರನು ಹತ್ತಾರು ತೋಟಗಳ ಕಳ್ಳನ್ನು ಒಂದೇ ಪೀಪಾಯಿಗೆ ಸುರಿದನು. ಎಳೆಯದು ಬಲಿತದ್ದು, ಬೆಳಗಿನದು ಬೈಗಿನದು, ತೊಳೆದ ಮಡಕೆಯದು ತೊಳೆಯದ್ದು ಎಲ್ಲವೂ ಅದರಲ್ಲಿ ಏಕವಾದವು. ಸಾರಾಯಿಗಂತೂ ಜಲಮಾಪಕದ ಗಾಜಿನ ಕೊಳವೆಯೇ ನ್ಯಾಯಾಧೀಶನಾಯಿತು. ಲಂಡನ್ ಪ್ರೂಫ್ ಎಂಬ ಮಾನದಂಡವು ನೂರಕ್ಕೆ ಸುಮಾರು 57 ಭಾಗ ಮದ್ಯಸಾರಕ್ಕೆ ಸಮ. ಮುಂಬಯಿ ಆಧಿಪತ್ಯದ ಅಂಗಡಿಗಳಲ್ಲಿ ಸಾರಾಯಿಯನ್ನು ಅದಕ್ಕಿಂತ 25 ಅಂಶ ಕೆಳಗಿನದು, 60 ಅಂಶ ಕೆಳಗಿನದು ಎಂಬ ಎರಡು ದರ್ಜೆಗಳಲ್ಲಿ ಮಾರಬೇಕಾಗಿತ್ತು, ಅಂದರೆ ನೂರಕ್ಕೆ ಸುಮಾರು 43 ಮತ್ತು 23. ಓರ್ತನ ಕಾಲದಲ್ಲಿ ಹೂವೆನಿಸಿಕೊಂಡದ್ದು ಈಗ ಅಂಕಿಯಾಯಿತು. ಅಳತೆಯನ್ನು ನಾನು ದೂಷಿಸುವುದಿಲ್ಲ. ಹಾಪ್ಸಿನ ಬಿಯರಿಗೂ ಅಂಕಿಗಳಿವೆ, ಆದರೆ ಅಲ್ಲಿ ಅಂಕಿಯು ನಾಲಗೆಯ ಸಹಾಯಕ್ಕೆ ಬಂದಿತು, ಇಲ್ಲಿ ನಾಲಗೆಯನ್ನು ತಳ್ಳಿ ತಾನು ಕುಳಿತಿತು. ಕುಮಟೆಯಂಥ ಬಂದರಿನಲ್ಲಿ ಹತ್ತಿಯ ಬಂಡಿಗಾರರೂ ಹಮಾಲರೂ ಸಾವಿರಗಟ್ಟಲೆ ನೆರೆಯುತ್ತಿದ್ದ ಕಾಲದಲ್ಲಿ, ಊರನ್ನು ಅರಿಯದ, ಮರವನ್ನು ಅರಿಯದ ಈ ಗಿರಾಕಿಗೆ ಬೇಕಾದದ್ದು ಅಮಲೊಂದೇ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಅಂಗಡಿಯು ಅದನ್ನೇ ಒದಗಿಸಿತು.

ಆಮೇಲಿನದು ಎಲ್ಲರಿಗೂ ತಿಳಿದ ಚರಿತ್ರೆ. ಗಾಂಧೀಜಿಯವರ ಚಳವಳಿಯಲ್ಲಿ ಕಳ್ಳಿನಂಗಡಿಗಳ ಮುಂದಿನ ಪಿಕೆಟಿಂಗು ಉಪ್ಪಿನ ಸತ್ಯಾಗ್ರಹದಷ್ಟೇ ಮುಖ್ಯವಾದ ಅಂಗವಾಗಿತ್ತು, ಮತ್ತು ಉತ್ತರ ಕನ್ನಡವು ಆ ಚಳವಳಿಯ ಮುಂಚೂಣಿಯಲ್ಲಿದ್ದ ಜಿಲ್ಲೆ. ಕೂಲಿಯ ಅರ್ಧವನ್ನು ಅಂಗಡಿಯಲ್ಲಿ ಕಳೆದು ಬರುವ ಗಂಡನನ್ನು ಕಾಯುತ್ತಿದ್ದ ಹೆಂಗಸಿನ ಕಣ್ಣೀರಿಗೆ ರುಚಿಯ ಚರ್ಚೆಯು ಸಮಾಧಾನವಾಗಲಾರದೆಂಬುದನ್ನು ನಾನು ಬಲ್ಲೆ. ಪಾನನಿರೋಧದ ಹಿಂದೆ ನಿಂತ ಕರುಣೆಯು ನಿಜವಾದದ್ದು. 1949ರ ಮುಂಬಯಿ ಪಾನನಿರೋಧ ಕಾಯದೆಯು ಜಾರಿಗೆ ಬಂದು, 1950ರಲ್ಲಿ ಇಡೀ ಪ್ರಾಂತದೊಡನೆ ಈ ಮೂರು ತಾಲೂಕುಗಳೂ ಕಾನೂನಿನ ಪ್ರಕಾರ ಒಣಗಿದವು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು, ಅರವತ್ತರ ದಶಕದ ಉತ್ತರಾರ್ಧದಲ್ಲಿ ನಿರೋಧವು ಸಡಿಲಗೊಂಡು 1965ರ ಅಬಕಾರಿ ಕಾಯದೆಯ ಆಳ್ವಿಕೆ ಬಂದಿತು, 2007ರ ಜುಲೈ 1ರಿಂದ ಸಾರಾಯಿಯು ಇಡೀ ಕರ್ನಾಟಕದಲ್ಲಿ ನಿಷಿದ್ಧವಾಯಿತು. ನಿರೋಧದ ವರ್ಷಗಳಲ್ಲಿ ತಂದೆಯಿಂದ ಮಗನಿಗೆ ಕತ್ತಿ ಹಸ್ತಾಂತರವಾಗುವುದು ನಿಂತಿತು. ಒಂದು ತಲೆಮಾರು ಮರವೇರದಿದ್ದರೆ ಮುಂದಿನದು ಏರುವುದಿಲ್ಲ. ನಾಮಧಾರಿಗಳ ಮಕ್ಕಳು ಶಾಲೆಗಳಿಗೂ ಕಚೇರಿಗಳಿಗೂ ಗಲ್ಫ್ ದೇಶಗಳಿಗೂ ಹೋದರು, ಹೋಗಬೇಕಾದದ್ದೇ. ಅವರ ಹಿರಿಯರು ಅವಮಾನದೊಡನೆ ನಡೆಸಿದ ವೃತ್ತಿಗೆ ಅವರನ್ನು ಮರಳಿ ಕರೆಯುವ ಅಧಿಕಾರ ಯಾರಿಗೂ ಇಲ್ಲ. ಈಚೆಗೆ ನೀರಾ ಇಳಿಸುವುದಕ್ಕೆ ರಾಜ್ಯ ಸರ್ಕಾರವು ಅವಕಾಶ ಕಲ್ಪಿಸಿ, ರೈತರ ಕಂಪನಿಗಳು ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಶೇಖರಿಸಿ ಮಾರುವ ಯತ್ನಗಳು ನಡೆದಿವೆ. ಸುಣ್ಣದ ಕೆಲಸವನ್ನು ಈಗ ಶೈತ್ಯವು ಮಾಡುತ್ತಿದೆ. ಐದುನೂರು ಮೈಲಿ ದೂರಕ್ಕೂ ಆ ಮಾಧುರ್ಯವನ್ನು ಒಯ್ಯಬಹುದು. ಇಷ್ಟರಲ್ಲಿ ಹಾಪ್ಸಿನ ಬಿಯರಿನ ರಸಿಕರು ತಮ್ಮ ಪಾನೀಯದ ಪರಿಮಳವು ವಾರಗಳು ಕಳೆದಂತೆ ಕುಂದುವುದೆಂದೂ, ಬಿಸಿಲು ಬಿದ್ದ ಸೀಸೆಯಲ್ಲಿ ದುರ್ಗಂಧ ಹುಟ್ಟುವುದೆಂದೂ ಕಂಡುಕೊಂಡು, ಭಟ್ಟಿಯ ಬುಡದಲ್ಲಿಯೇ ಹೊಸತಾಗಿ ಕುಡಿಯುವುದು ಶ್ರೇಷ್ಠವೆನ್ನತೊಡಗಿದ್ದಾರೆ. ಮರದ ಬುಡದಲ್ಲಿ ನಿಂತು ಕುಡಿದವರಿಗೆ ಇದು ಮೊದಲಿನಿಂದಲೂ ತಿಳಿದಿತ್ತು.

ಕಳ್ಳಿನ ಪರೀಕ್ಷೆಯು ಸಂಪೂರ್ಣವಾಗಿ ನಿಂತುಹೋಗದ ಒಂದು ಸ್ಥಳ ಉಳಿದಿದೆ, ಅದು ಅಡಿಗೆಮನೆ. ಹೊನ್ನಾವರ, ಕುಮಟೆಗಳ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಸನ್ನವೆಂಬ ಹಬೆಯ ಕಡುಬು ಆಗಲೇಬೇಕು, ಸನ್ನದ ಹಿಟ್ಟು ಉಬ್ಬಲು ಕಳ್ಳು ಬೇಕು. ಮಾಂಸದ ಪಲ್ಯಕ್ಕೆ ಹುಳಿಯಾಗಿ ಕಳ್ಳಿನ ವಿನೇಗರು ಬೇಕು. ಇಲ್ಲಿ ಪರೀಕ್ಷಿಸುವವಳು ಒಂದು ತೊಟ್ಟನ್ನೂ ಮತ್ತಿಗಾಗಿ ಕುಡಿಯದ ಗೃಹಿಣಿ. ಆಗತಾನೆ ಇಳಿದ ರಸದಲ್ಲಿ ಜೀವಾಣುಗಳು ಬಲಿತಿರುವುದಿಲ್ಲ, ಹಿಟ್ಟು ಏಳುವುದಿಲ್ಲ. ರಾತ್ರಿ ಕಳೆದದ್ದು ಹಿಟ್ಟನ್ನು ಹುಳಿ ಮಾಡಿ ಸನ್ನವನ್ನು ಕುಗ್ಗಿಸುತ್ತದೆ. ಅರ್ಧ ಹಗಲು ಕಳೆದ, ನೊರೆ ಇನ್ನೂ ಏರುತ್ತಿರುವ, ಸಿಹಿಯೂ ಹುಳಿಯೂ ಸಮತೂಕಕ್ಕೆ ಬಂದ ಕಳ್ಳನ್ನು ಆಕೆ ಮೂಗಿನಿಂದಲೂ ನಾಲಗೆಯ ತುದಿಯಿಂದಲೂ ಆರಿಸುತ್ತಿದ್ದಳು. ಅಂಗಡಿಯಿಂದ ತಂದ ಯೀಸ್ಟಿನ ಪುಡಿಯು ಈಗ ಬಹುತೇಕ ಮನೆಗಳಲ್ಲಿ ಆ ಸ್ಥಾನಕ್ಕೆ ಬಂದಿದೆ. ಅದು ಹಿಟ್ಟನ್ನು ಎಬ್ಬಿಸುತ್ತದೆ, ಆದರೆ ಕಳ್ಳಿನ ಸನ್ನದಲ್ಲಿ ಸಿಕ್ಕುವ ಆ ಹಣ್ಣಿನಂಥ ಗಂಧವನ್ನೂ ಮೆಲುವಾದ ಹುಳಿಯನ್ನೂ ಕೊಡುವುದಿಲ್ಲ. ಕಳ್ಳು ದೊರೆತ ಮನೆಯಲ್ಲಿ ಇವತ್ತಿಗೂ, ಬೇಸಗೆಯಾದರೆ ಸ್ವಲ್ಪ ಕಡಮೆ, ಮಳೆಗಾಲವಾದರೆ ರಸ ತೆಳುವೆಂದು ಒಂದು ಸೌಟು ಹೆಚ್ಚು, ಹೀಗೆ ಆ ದಿನದ ಕಳ್ಳನ್ನು ನೋಡಿಯೇ ಹಿಟ್ಟಿನ ಅಳತೆಯನ್ನು ಗೊತ್ತುಮಾಡುತ್ತಾರೆ.